ಮೊಬೈಲ್ ಇಳಿಸದ ಮಗ, ಮುಖ ತಿರುಗಿಸುವ ಅಪ್ಪ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಬ. ಅವರಿಗೆ 41 ವರ್ಷ, ಕಲಬುರಗಿಯಲ್ಲಿ ಸರ್ಕಾರಿ ನೌಕರಿ. ಮನೆಯಲ್ಲಿ ಹೆಂಡತಿ, ಐದನೇ ತರಗತಿಯ ಮಗಳು, 74ರ ಅಪ್ಪ. ಅವ್ವ ತೀರಿಕೊಂಡು ವರ್ಷ ದಾಟಿದೆ. ಅವರನ್ನು ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದವರು ಹೆಂಡತಿ. "ಉಣ್ಣಾಕ ಕುಂತರೂ ಫೋಟೊ, ಮಾವ ಮಲಗಿದರೂ ಫೋಟೊ. ಮನ್ಯಾಗ ಮಾತಾಡೋದ ಬಿಟ್ಟಾರ್ರಿ" ಎಂಬುದು ಅವರ ದೂರು.

ಅವ್ವ ಹೋದದ್ದು ಅನಿರೀಕ್ಷಿತವಾಗಿ. ಶ್ರದ್ಧಾಂಜಲಿ ಬ್ಯಾನರಿಗೆ ಫೋಟೊ ಹುಡುಕಿದರೆ ಸಿಕ್ಕಿದ್ದು ಮದುವೆಯ ಗುಂಪಿನಲ್ಲಿ ಅರ್ಧ ಮರೆಯಾದ ಮುಖ, ಮತ್ತು ಆಧಾರ್ ಕಾರ್ಡಿನ ಚಿತ್ರ. ಅದನ್ನೇ ದೊಡ್ಡದು ಮಾಡಿಸಿ, ಸ್ಟುಡಿಯೋದಲ್ಲಿ ಬೇರೆ ಸೀರೆ ಕೂಡಿಸಿ, ಕಟ್ಟು ಹಾಕಿಸಿದರು. ಗೋಡೆಯ ಮೇಲಿರುವ ಹೆಂಗಸು ಅವ್ವನಂತೆ ಕಾಣುವುದಿಲ್ಲ ಎಂಬ ಕೊರಗು ಅಂದಿನಿಂದ ಶುರು. ಅಪ್ಪನಿಗೂ ಹಾಗಾಗಬಾರದೆಂದು ಹೊಸ ಮೊಬೈಲ್ ಕೊಂಡು ದಿನಕ್ಕೆ ನೂರಾರು ಫೋಟೊ ಹೊಡೆಯತೊಡಗಿದರು. 256 ಜಿಬಿ ತುಂಬಿದೆ. ರಾತ್ರಿ ಒಂದರ ತನಕ ಅವನ್ನೇ ಸರಿಸುತ್ತ ಕೂರುತ್ತಾರೆ. ಒಂದನ್ನೂ ಪ್ರಿಂಟ್ ಹಾಕಿಸಿಲ್ಲ. ಅಪ್ಪನೋ ಮೊಬೈಲ್ ಕಂಡರೆ ಗೋಡೆಗೆ ಮುಖ ಮಾಡುತ್ತಾರೆ: "ನಾ ಇನ್ನಾ ಸತ್ತಿಲ್ಲಲೇ ತಮ್ಮಾ, ಈಗ್ಲೇ ಯಾಕ ಕಟ್ಟ ಹಾಕಸ್ತಿ?"

ಮೊದಲು ನೋಡಿದ್ದು ದುಃಖದ ಆಳವನ್ನು. ವಯಸ್ಕರಲ್ಲಿ ಅಗಲಿಕೆಯ ನೋವು 12 ತಿಂಗಳು ಕಳೆದರೂ ಹೆಚ್ಚುಕಡಿಮೆ ದಿನವೂ ಅದೇ ತೀವ್ರತೆಯಲ್ಲಿದ್ದು, ಕೆಲಸ, ಸಂಬಂಧಗಳನ್ನು ಕೆಡಿಸುತ್ತಿದ್ದರೆ ಅದನ್ನು ದೀರ್ಘಕಾಲದ ಶೋಕದ ಕಾಯಿಲೆ ಎಂದು ಪರಿಗಣಿಸಬೇಕಾಗುತ್ತದೆ. ಬ. ಅವರ ಊಟ, ಕಚೇರಿ ಕೆಲಸ ಸರಿಯಿತ್ತು, ಸಾಯುವ ಯೋಚನೆ ಇರಲಿಲ್ಲ. ಕೆಟ್ಟಿದ್ದು ನಿದ್ದೆ ಮತ್ತು ಮನೆಯ ಮಾತುಕತೆ. ಹಾಗಾಗಿ ಔಷಧಿಯ ಕಡೆ ಹೋಗಲಿಲ್ಲ. ಮೊಬೈಲ್ ಕಸಿದುಕೊಳ್ಳಿ ಎಂಬ ಹೆಂಡತಿಯ ಬೇಡಿಕೆಯನ್ನೂ ಒಪ್ಪಲಿಲ್ಲ. ಭಯವನ್ನು ತಡೆದು ನಿಲ್ಲಿಸಿರುವ ಚಟುವಟಿಕೆಯನ್ನು ಏಕಾಏಕಿ ಕಿತ್ತರೆ ಭಯ ಬೇರೆ ದಾರಿ ಹುಡುಕುತ್ತದೆ. ಅದಕ್ಕಿಂತ ಫೋಟೊ ತೆಗೆಯುವುದನ್ನೇ ಸರಿಯಾಗಿ ಕಲಿಸುವುದು ಮೇಲು.

ಮೊದಲ ಸಲಹೆ ಅಪ್ಪನ ಒಪ್ಪಿಗೆ. ಮಲಗಿದಾಗ, ಹಲ್ಲಿನ ಸೆಟ್ ತೆಗೆದಿಟ್ಟಾಗ, ಬರೀ ಬನಿಯನ್ನಿನಲ್ಲಿ ಇದ್ದಾಗ ತೆಗೆಯುವಂತಿಲ್ಲ. ಅಪ್ಪನನ್ನೇ ಕೂರಿಸಿಕೊಂಡು ಯಾವ ಫೋಟೊ ಬೇಕೆಂದು ಕೇಳಿದಾಗ ಹಿರಿಯರು ತಡಮಾಡದೆ ಹೇಳಿದರು: "ರುಮಾಲ ಸುತ್ತೋದು ತಗೀಲಿ. ಇವಂಗ ಸುತ್ತಾಕ ಬರಂಗಿಲ್ಲ." ಅಲ್ಲಿಗೆ ಅರ್ಧ ಜಗಳ ತೀರಿತು. ಬಟ್ಟೆಯ ತುದಿ ಹಲ್ಲಲ್ಲಿ ಕಚ್ಚುವುದು, ಮೊದಲ ಸುತ್ತು ಕಿವಿಯ ಮೇಲೆ ಬಿಗಿಯುವುದು, ಕೊನೆಗೆ ಹೆಬ್ಬೆರಳಲ್ಲಿ ಸೆರಗು ಒಳಗೆ ತುರುಕುವುದು: ಹೀಗೆ ಎಂಟು ಹತ್ತು ಚಿತ್ರಗಳ ಸರಣಿ. ತೆಗೆಸಿಕೊಳ್ಳುವವರಿಗೆ ಕೈಯಲ್ಲಿ ಕೆಲಸವಿದ್ದರೆ ಮುಖ ಬಿಗಿಯುವುದಿಲ್ಲ.

ಎರಡನೆಯದು ಮಿತಿ. ದಿನಕ್ಕೆ ಹತ್ತು ನಿಮಿಷ, ಐದು ಕ್ಲಿಕ್, ಆಮೇಲೆ ಮೊಬೈಲ್ ಕಿಸೆಗೆ. 2014ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಅವರ ಅಧ್ಯಯನದಲ್ಲಿ, ಮ್ಯೂಸಿಯಂ ಸುತ್ತುವಾಗ ಫೋಟೊ ತೆಗೆದ ವಸ್ತುಗಳು ಬರೀ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿನಲ್ಲಿ ಉಳಿದವು. ಝೂಮ್ ಮಾಡಿ ಒಂದು ಭಾಗವನ್ನು ಗಮನಿಸಿ ತೆಗೆದಾಗ ಮಾತ್ರ ಆ ನಷ್ಟ ಕಾಣಲಿಲ್ಲ. ಆದ್ದರಿಂದ ಪೂರ್ತಿ ಅಪ್ಪನ ಇಪ್ಪತ್ತು ಫೋಟೊಗಿಂತ ಅಡಿಕೆ ಕತ್ತರಿಸುವ ಅವರ ಬೆರಳುಗಳ ಒಂದು ಫೋಟೊ ಸಾಕು ಎಂದು ಹೇಳಲಾಯಿತು.

ಇರುವ ರಾಶಿಯಲ್ಲಿ ಬಹುಪಾಲು ಯಾಕೆ ಕೆಟ್ಟಿದೆ ಎಂಬುದನ್ನು ಅವರ ಎದುರೇ ತೆರೆದು ನೋಡಿದೆವು. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಾರೆ; ಹೊರಗಿನ ಬೆಳಕಿಗೆ ಕ್ಯಾಮೆರಾ ಹೊಂದಿಕೊಂಡು ಮುಖ ಕಪ್ಪಾಗಿದೆ. ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ, ಬೆಳಕು ಒಂದು ಕೆನ್ನೆಗೆ ಓರೆಯಾಗಿ ಬೀಳುವಂತೆ ಕೂರಿಸಬೇಕು. ಹಗಲಿನ ಬೆಳಕಿದ್ದಾಗ ಟ್ಯೂಬ್‌ಲೈಟ್ ಆರಿಸಬೇಕು, ಇಲ್ಲದಿದ್ದರೆ ಮುಖಕ್ಕೆ ಎರಡು ಬಣ್ಣ ಬರುತ್ತದೆ. ನಮ್ಮ ಕಡೆಯ ಮನೆಗಳ ಶಹಾಬಾದ್ ಕಲ್ಲಿನ ನೆಲ ಬೂದು ಬಣ್ಣದ್ದು, ಬೆಳಕನ್ನು ಹೆಚ್ಚು ಹಿಂತಿರುಗಿಸುವುದಿಲ್ಲ. ಕೂತವರ ಮುಂದೆ ಒಂದು ಬಿಳಿ ಧೋತ್ರ ಹಾಸಿದರೆ ಗದ್ದದ ಕೆಳಗಿನ, ಕಣ್ಣಿನ ಸುತ್ತಲಿನ ನೆರಳು ತಿಳಿಯಾಗುತ್ತದೆ. ಎರಡಡಿ ದೂರದಿಂದ ಹೊಡೆದರೆ ಮೂಗು ಉಬ್ಬುತ್ತದೆ. ಐದಾರು ಅಡಿ ಹಿಂದೆ ಸರಿದು 2x (ಎರಡು ಪಟ್ಟು ಝೂಮ್) ಒತ್ತಬೇಕು. ಎಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಬೇಕು, ಕಿಸೆಯ ಜಿಡ್ಡಿಗೇ ಎಷ್ಟೋ ಫೋಟೊ ಮಂಜಾಗಿದ್ದವು.

ಹೆಂಡತಿ ರೊಟ್ಟಿ ಬಡಿಯುವ ಚಿತ್ರಗಳಲ್ಲಿ ಕೈಯೇ ಕಾಣುತ್ತಿರಲಿಲ್ಲ. ಅಡುಗೆಮನೆಯ ಒಂದೇ ಬಲ್ಬಿನಲ್ಲಿ ಮೊಬೈಲ್ ಸೆಕೆಂಡಿನ 1/30ರಷ್ಟು ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಕೈ ಎಲ್ಲೋ ಹೋಗಿರುತ್ತದೆ. ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ ಪ್ರೊ ಮೋಡಿನಲ್ಲಿ ಈ ಹೊತ್ತನ್ನು ಸೆಕೆಂಡಿನ 1/250ಕ್ಕೆ ಇಡಬೇಕು, ಅದಕ್ಕೆ ಬೆಳಗಿನ ಹೊತ್ತು ಕಿಟಕಿಯ ಪಕ್ಕವೇ ಬೇಕು. ಅದಿಲ್ಲವೆಂದರೆ ಅಂಗೈ ಮೇಲೆ ಹೋಗಿ ಕೆಳಗೆ ತಿರುಗುವ ಗಳಿಗೆಗೆ ಕಾಯಬೇಕು, ಆಗ ಚಲನೆ ಅರೆಕ್ಷಣ ನಿಲ್ಲುತ್ತದೆ. ಕೈ ತುಸು ಮಸುಕಾಗಿ ಮುಖ ಸ್ಪಷ್ಟವಿದ್ದರೆ ಅದು ಕೆಟ್ಟ ಫೋಟೊ ಅಲ್ಲ, ಬಡಿಯುವ ಸದ್ದು ಅದರಲ್ಲೇ ಕೇಳುತ್ತದೆ. ಈ ಫೋಟೊಗಳಲ್ಲಿ ಬ. ಅವರು ಎಲ್ಲೂ ಇರಲಿಲ್ಲ ಎಂಬುದನ್ನು ಗುರುತಿಸಿದವಳು ಮಗಳು. ವಾರದಲ್ಲಿ ಎರಡು ದಿನ ಮೊಬೈಲ್ ಅವಳ ಕೈಗೆ ಎಂದು ನಿಗದಿಯಾಯಿತು.

ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಚರಗ ಚೆಲ್ಲುವಾಗ ಮಾತ್ರ ಫೋಟೊ, ಬುತ್ತಿ ಬಿಚ್ಚಿದ ಮೇಲೆ ಇಲ್ಲ. ನಡುಹಗಲ ಬಿಸಿಲಿಗೆ ಕಣ್ಣು ಕುಳಿಯಂತೆ ಕಾಣುತ್ತವೆ, ಬೇವಿನ ಮರದ ಕೆಳಗೆ ಮುಖದ ಮೇಲೆ ಬಿಸಿಲ ಚುಕ್ಕೆ ಬೀಳುತ್ತವೆ. ಪೂರ್ತಿ ನೆರಳಿನಲ್ಲಿ ನಿಲ್ಲಿಸಬೇಕು, ಇಲ್ಲವೇ ಬಿಸಿಲನ್ನು ಅವರ ಬೆನ್ನಿಗೆ ಮಾಡಿ, ಮುಖ ಕಪ್ಪಾಗದಂತೆ ಬೆಳಕು ಹೊಂದಿಸಿಕೊಳ್ಳಬೇಕು.

ಹಳೆಯ ರಾಶಿಗೆ ಭಾನುವಾರ ಅರ್ಧ ಗಂಟೆ, ಅದೂ ಹಗಲು ಹೊತ್ತು. ಒಂದು ತಿಂಗಳ ಚಿತ್ರಗಳಿಂದ ಹನ್ನೆರಡನ್ನು ಆರಿಸಬೇಕು. ಉಳಿದವನ್ನು ತಕ್ಷಣ ಅಳಿಸುವಂತಿಲ್ಲ. ದುಃಖದಲ್ಲಿರುವವರು ಒಂದು ದಿನ ಅಳಿಸಿ ಮರುದಿನ ಪರದಾಡುತ್ತಾರೆ. ಮೊದಲು ಹಾರ್ಡ್ ಡಿಸ್ಕಿಗೆ ನಕಲು, ಇನ್ನೊಂದು ನಕಲು ಬೇರೆ ಊರಿನ ತಂಗಿಯ ಮನೆಗೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಚಾಲೂ ಇದ್ದಾಗ ಅಲ್ಲಿ ಅಳಿಸಿದರೆ ಮೊಬೈಲಿನದೂ ಗೂಗಲ್‌ನಲ್ಲಿರುವ ನಕಲೂ ಎರಡೂ ಹೋಗುತ್ತವೆ; ಬ್ಯಾಕಪ್ ಆದವು ಕಸದ ಬುಟ್ಟಿಯಲ್ಲಿ 60 ದಿನ ಮಾತ್ರ ಸಿಗುತ್ತವೆ. ತಂಗಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಸಾದಾ ಕಳಿಸಿದರೆ ಚಿತ್ರ ಕುಗ್ಗುತ್ತದೆ.

ಪ್ರಿಂಟ್ ವಿಷಯದಲ್ಲಿ ಸ್ಟುಡಿಯೋದವರಿಗೆ ಎರಡು ಮಾತು ಮುಂಚೆಯೇ ಹೇಳಬೇಕು. ಮುಖ ಬೆಳ್ಳಗೆ ಮಾಡಬೇಡಿ, ಸುಕ್ಕು ತೆಗೆಯಬೇಡಿ ಎಂಬುದು ಒಂದು. ಮೊಬೈಲ್ ಚಿತ್ರದ ಅಗಲ-ಎತ್ತರದ ಅನುಪಾತ ಸಾಮಾನ್ಯವಾಗಿ 4:3, ಕಾಗದ 4x6 ಇಂಚು, ಹಾಗಾಗಿ ಅಡ್ಡ ಚಿತ್ರದ ಎತ್ತರದಲ್ಲಿ ಒಂಬತ್ತನೇ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ಹಾಕಿ ಎಂಬುದು ಇನ್ನೊಂದು. ಇಲ್ಲದಿದ್ದರೆ ರುಮಾಲೇ ಅರ್ಧ ಹೋದೀತು. ಪ್ರಿಂಟಿನ ಬೆನ್ನಿಗೆ ಜೆಲ್ ಪೆನ್ನಿನಲ್ಲಿ ಬರೆದರೆ ಶಾಯಿ ಮುಂದಿನ ಫೋಟೊದ ಮುಖಕ್ಕೆ ಹತ್ತುತ್ತದೆ, ಬಾಲ್ ಪೆನ್ ಒತ್ತಿದರೆ ಗೆರೆ ಮುಂದೆ ಮೂಡುತ್ತದೆ. ಅಂಟಿನ ಹಾಳೆಯ ಆಲ್ಬಮ್ ಬೇಡ, ಕಿಸೆಗಳಿರುವುದು ಕೊಳ್ಳಬೇಕು, ಪಕ್ಕದ ಚೀಟಿಯಲ್ಲಿ ಬರೆಯಬೇಕು. ಬರೆಯುವುದು ಮಗಳು, ಹೇಳುವುದು ಅಜ್ಜ: ಯಾರು, ಎಲ್ಲಿ, ಯಾವ ತಿಂಗಳು, ಆಗ ಏನು ಮಾತು ನಡೆದಿತ್ತು. ಈ ಆಲ್ಬಮ್ ಪಶ್ಚಿಮದ ಗೋಡೆಯ ಅಲಮಾರಿಯಲ್ಲಿ ಇಡಬಾರದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು.

ಅವ್ವನ ವಿಷಯ ಉಳಿದಿತ್ತು. ಸಂಬಂಧಿಕರ ಆಲ್ಬಮ್‌ಗಳಿಂದ ಚಿತ್ರ ಸಂಗ್ರಹಿಸಲು ಹೇಳಲಾಯಿತು. ಗಾಜಿಗೆ ಅಂಟಿದ ಫೋಟೊ ಕೀಳಬಾರದು. ಬಿಡಿ ಫೋಟೊವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿದರೆ ಗುಂಪಿನೊಳಗಿನ ಸಣ್ಣ ಮುಖವನ್ನೂ ತಕ್ಕಮಟ್ಟಿಗೆ ದೊಡ್ಡದು ಮಾಡಬಹುದು. ಅವ್ವ ಕಳಿಸಿದ ವಾಟ್ಸಾಪ್ ಧ್ವನಿ ಸಂದೇಶಗಳನ್ನು ಎಕ್ಸ್‌ಪೋರ್ಟ್ ಚಾಟ್ ಮೂಲಕ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಅವ್ವ ನಗುವಂತೆ, ಮಾತಾಡುವಂತೆ ಎಐ ವಿಡಿಯೊ ಮಾಡಿಸಲೇ ಎಂದು ಬ. ಅವರು ಕೇಳಿದರು. ಈಗ ಬೇಡ ಎಂದೆವು. ಆಧಾರ್ ಚಿತ್ರಕ್ಕೆ ಬೇರೆ ಸೀರೆ ಕೂಡಿಸಿದಾಗ ಆದದ್ದೇ ಮತ್ತೆ ಆಗುತ್ತದೆ, ಅಪ್ಪ ಮತ್ತು ತಂಗಿಯ ಒಪ್ಪಿಗೆಯೂ ಬೇಕು.

ಮೂರು ತಿಂಗಳ ನಂತರದ ಸ್ಥಿತಿ: ಊಟದ ಹೊತ್ತಿಗೆ ಮೊಬೈಲ್ ಬರುತ್ತಿಲ್ಲ, ನಿದ್ದೆ ಹನ್ನೊಂದೂವರೆಗೆ ಬಂದಿದೆ. ಹಬ್ಬದ ಹಿಂದುಮುಂದಿನ ದಿನಗಳಲ್ಲಿ ರಾತ್ರಿ ಸರಿಸುವುದು ಇನ್ನೂ ಇದೆ. ಅಪ್ಪ ಕೆಲವು ದಿನ ಇವತ್ತು ಬೇಡ ಎನ್ನುತ್ತಾರೆ, ಆ ದಿನ ಕ್ಯಾಮೆರಾ ಹೊರಬರುವುದಿಲ್ಲ. ನಿದ್ದೆ ಮತ್ತೆ ಎರಡು ವಾರ ಸತತ ಕೆಟ್ಟರೆ, ಕಚೇರಿಗೆ ಹೋಗಲು ಮನಸ್ಸಾಗದಿದ್ದರೆ, ಬದುಕಿ ಏನು ಎಂಬ ಮಾತು ಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ಹೆಂಡತಿಗೆ ಬರೆದುಕೊಡಲಾಗಿದೆ. ಮುಂದಿನ ಭೇಟಿ ಅವ್ವನ ಎರಡನೇ ವರ್ಷದ ತಿಥಿಗೆ ಒಂದು ವಾರ ಮೊದಲು.