ಏರ್‌ಬ್ರಶ್ ಇಲ್ಲದೆ ಗಂಡಮ್ ಕಿಟ್‌ಗೆ ನಮ್ಮದೇ ಬಣ್ಣ ಹಚ್ಚಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮೊದಲ ಸಲ ಒಂದು ಹೈ ಗ್ರೇಡ್ ಸರಣಿಯ ಜಾಕು ಕಿಟ್ ತರಿಸಿದ್ದೀರಿ, ಅಂದರೆ ಗಂಡಮ್ ಎಂಬ ಜಪಾನಿ ಕಾರ್ಟೂನ್ ಧಾರಾವಾಹಿಯ ಜಾಕು ರೋಬೋಟನ್ನು ಬಿಡಿಭಾಗಗಳಿಂದ ಜೋಡಿಸುವ ಪ್ಲಾಸ್ಟಿಕ್ ಮಾದರಿ. ಡಬ್ಬದ ಮೇಲಿರುವ ಹಸಿರು ಬೇಡ, ನಿಮ್ಮದೇ ಬಣ್ಣ ಬೇಕು. ನೀವು ಕೇಳಿದವರೆಲ್ಲ "ಏರ್‌ಬ್ರಶ್, ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡಿ" ಅಂದಿದ್ದಾರೆ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಲಕರಣೆ. ಹಾಳಾದರೆ ಏನು ಗತಿ ಎಂಬ ಭಯ ಬೇರೆ.

ಹಚ್ಚಬಹುದು. ಧಾರಾಳವಾಗಿ ಹಚ್ಚಬಹುದು. ನಾನು ಮಂಗಳೂರಿನವನು. ನಾನು ಬಣ್ಣ ಹಚ್ಚಿದ ಮೊದಲ ಕಿಟ್ ಕೂಡ ಜಾಕುನೇ. ಎರಡು ಬ್ರಶ್, ಐದು ಬಾಟಲಿ ಬಣ್ಣ, ಎರಡು ಸ್ಪ್ರೇ ಡಬ್ಬಿ, ಬಾಲ್ಕನಿಯ ಒಂದು ಮೂಲೆ. ಅಷ್ಟರಲ್ಲೇ ಮುಗಿಯಿತು. ಇವತ್ತಿಗೂ ನನ್ನ ಹತ್ತಿರ ಏರ್‌ಬ್ರಶ್ ಇಲ್ಲ.

ನೀವು ಜಾಕು ಆರಿಸಿದ್ದು ಒಳ್ಳೆಯದೇ ಆಯ್ತು. ಗಂಡಮ್ ಧಾರಾವಾಹಿ ಜಪಾನಿನ ಟಿವಿಯಲ್ಲಿ ಶುರುವಾಗಿದ್ದು 1979ರಲ್ಲಿ. ಮರುವರ್ಷ ಜುಲೈನಲ್ಲಿ ಬಂಡೈ ಕಂಪನಿ ಮೊದಲ ಕಿಟ್ ಬಿಟ್ಟಿತು. 1/144 ಅಳತೆ, 300 ಯೆನ್ ಬೆಲೆ. ಆಗ ಅಂಟು ಹಾಕಿ ಜೋಡಿಸಬೇಕಿತ್ತು, ಬಣ್ಣವನ್ನೂ ತಂದವರೇ ಹಚ್ಚಬೇಕಿತ್ತು. ಈಗಿನ ಹಾಗೆ ಬಣ್ಣಬಣ್ಣದ ಪ್ಲಾಸ್ಟಿಕ್‌ನಲ್ಲಿ ಬಂದು, ಒತ್ತಿದರೆ ಕೂರುವ ಕಿಟ್‌ಗಳಲ್ಲ ಅವು. ಕಥೆಯಲ್ಲೂ ಅಷ್ಟೇ, ಹೆಸರು ಮಾಡಿದ ಪೈಲಟ್‌ಗಳಿಗೆ ತಮ್ಮದೇ ಬಣ್ಣದ ಜಾಕು. ಶಾರ್‌ನದು ಕೆಂಪು, ಶಿನ್ ಮತ್ಸುನಾಗನದು ಬಿಳಿ. ಹಾಗಾಗಿ ಹಸಿರು ಬಿಟ್ಟು ಬೇರೆ ಬಣ್ಣ ಹಚ್ಚಬೇಕು ಅನ್ನಿಸಿದ್ದರಲ್ಲಿ ವಿಚಿತ್ರ ಏನೂ ಇಲ್ಲ.

ಈಗ ಕೆಲಸದ ಮಾತು. ಬಣ್ಣ ಚೆನ್ನಾಗಿ ಬರುವುದು ಬಿಡುವುದು ಮುಕ್ಕಾಲು ಪಾಲು ಕತ್ತರಿಸುವಾಗಲೇ ತೀರ್ಮಾನ ಆಗುತ್ತದೆ. ಬಿಡಿಭಾಗಗಳು ಕೂತಿರುವ ಚೌಕಟ್ಟಿಗೆ ರನ್ನರ್ ಅಂತಾರೆ. ಬಿಡಿಭಾಗವನ್ನು ರನ್ನರ್‌ಗೆ ಹಿಡಿದಿಟ್ಟಿರುವ ಸಣ್ಣ ಕೊಂಡಿ ಗೇಟ್. ಹೊಸಬರು ನಿಪ್ಪರ್ (ಕತ್ತರಿಸುವ ಸಣ್ಣ ಇಕ್ಕಳ) ತಗೊಂಡು ಭಾಗದ ಮೈಗೆ ಅಂಟಿಸಿ ಒಂದೇ ಏಟಿಗೆ ಕತ್ತರಿಸುತ್ತಾರೆ. ಪ್ಲಾಸ್ಟಿಕ್ ಎಳೆದುಕೊಂಡು ಅಲ್ಲೊಂದು ಕುಳಿ ಬೀಳುತ್ತದೆ, ಸುತ್ತ ಬೆಳ್ಳಗಾಗುತ್ತದೆ. ಎರಡು ಸಲ ಕತ್ತರಿಸಿ. ಮೊದಲು ಎರಡು ಮೂರು ಮಿಲಿಮೀಟರ್ ದೂರದಲ್ಲಿ. ಭಾಗ ಕೈಗೆ ಬಂದ ಮೇಲೆ ಉಳಿದ ತುಂಡನ್ನು ಇನ್ನೊಮ್ಮೆ, ಅಕ್ಕಿ ಕಾಳಿನ ದಪ್ಪದಷ್ಟು ಬಿಟ್ಟು. ಅದನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಸಮ ಮಾಡಿ. 400 ನಂಬರಿನ ಪೇಪರ್‌ನಲ್ಲಿ ಶುರು, ಆಮೇಲೆ 600, ಕೊನೆಗೆ 800. ನಂಬರ್ ಹೆಚ್ಚಿದಷ್ಟೂ ನಯ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿದರೆ ಇದೇ ಸಿಗುತ್ತದೆ. ನೀರಲ್ಲಿ ಅದ್ದಿ ಉಜ್ಜಿದರೆ ಪುಡಿ ಹಾರುವುದಿಲ್ಲ, ಮೂಗಿಗೂ ಹೋಗುವುದಿಲ್ಲ. ಕಣ್ಣಿಗೆ ಸಮ ಆಯ್ತು ಅನ್ನಿಸಿದರೂ ಉಗುರಿನ ತುದಿ ಆಡಿಸಿ ನೋಡಿ. ಉಗುರಿಗೆ ತಾಗಿದ್ದು ಬಣ್ಣ ಹಚ್ಚಿದ ಮೇಲೆ ಕಣ್ಣಿಗೂ ಕಾಣುತ್ತದೆ.

ಆ ರನ್ನರ್‌ಗಳನ್ನು ಎಸೆಯಬೇಡಿ. ಭಾಗದ ಪ್ಲಾಸ್ಟಿಕ್, ರನ್ನರ್‌ನ ಪ್ಲಾಸ್ಟಿಕ್ ಎರಡೂ ಒಂದೇ. ಯಾವ ಹೊಸ ಬಣ್ಣ, ಸ್ಪ್ರೇ, ತಿನ್ನರ್ ತಂದರೂ ಮೊದಲು ಅದರ ಮೇಲೆ ಹಚ್ಚಿ ಒಂದು ದಿನ ಬಿಡಿ. ಹಾರ್ಡ್‌ವೇರ್ ಅಂಗಡಿಯ ಕೆಲವು ಸ್ಪ್ರೇಗಳು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಅದು ರನ್ನರ್ ಮೇಲೆ ಗೊತ್ತಾದರೆ ಒಳ್ಳೆಯದು, ತಲೆಯ ಮೇಲೆ ಗೊತ್ತಾದರೆ ಕಷ್ಟ. ರನ್ನರ್‌ನ ಅಂಚಿನ ಪಟ್ಟಿಯಲ್ಲಿ ಪಿಎಸ್, ಎಬಿಎಸ್ ಅಂತ ಪ್ಲಾಸ್ಟಿಕ್ಕಿನ ಜಾತಿ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ನೋಡಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಜ್ಜಿದ ಭಾಗಗಳನ್ನು ಪಾತ್ರೆ ತೊಳೆಯುವ ಸೋಪು ನೀರಲ್ಲಿ ತೊಳೆದು ಒಣಗಿಸಿ. ಕೈಯ ಎಣ್ಣೆ ಜಿಡ್ಡು ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಒಂದೊಂದನ್ನೂ ಒಂದೊಂದು ಕಡ್ಡಿಗೆ ಸಿಗಿಸಿ. ಉರಿದು ಉಳಿದ ಊದಿನಕಡ್ಡಿಯ ಬುಡ, ತುದಿಗೆ ಒಂದಿಷ್ಟು ಬ್ಲೂ ಟ್ಯಾಕ್ (ಕಿತ್ತು ಮತ್ತೆ ಅಂಟಿಸಬಹುದಾದ ಮೆತ್ತನೆಯ ಅಂಟು), ನಿಲ್ಲಿಸಲು ಥರ್ಮಾಕೋಲ್ ತುಂಡು. ಇದಕ್ಕೆ ದುಡ್ಡು ಖರ್ಚು ಮಾಡಬೇಡಿ. ಆಮೇಲೆ ಮಾಡೆಲ್‌ಗಳಿಗೆಂದೇ ಬರುವ ಬೂದು ಪ್ರೈಮರ್ ಸ್ಪ್ರೇ ತೆಳ್ಳಗೆ ಒಂದು ಕೋಟ್. ಗಾಳಿ ಆಡುವ ಜಾಗದಲ್ಲೇ ಹೊಡೆಯಿರಿ. ಸ್ಪ್ರೇ ಆವಿಗೆ ಬಟ್ಟೆ ಮಾಸ್ಕ್ ಸಾಲುವುದಿಲ್ಲ, ಎನ್95 ಕೂಡ ಸಾಲುವುದಿಲ್ಲ. ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಪೇಂಟರ್ ಮಾಸ್ಕ್ ಬೇಕು. ಈ ಒಂದು ಖರ್ಚು ಮಾತ್ರ ತಪ್ಪಿಸಬೇಡಿ.

ಬ್ರಶ್ಶಿನ ಕೆಲಸಕ್ಕೆ ನೀರಿನ ಅಕ್ರಿಲಿಕ್ ತಗೊಳ್ಳಿ, ಮಾಡೆಲ್‌ಗಳಿಗೆಂದೇ ಮಾಡಿದ್ದು. ನಾನು ಬಳಸುವುದು ವಯೆಹೋ ಕಂಪನಿಯದು. ಶಾಲೆಯ ಪೋಸ್ಟರ್ ಕಲರ್ ಬೇಡ, ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ. ಬಾಟಲಿಯಿಂದ ನೇರ ಹಚ್ಚಬೇಡಿ. ಹಳೆಯ ತಟ್ಟೆಯ ಮೇಲೆ ಎರಡು ಹನಿ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ. ಉದ್ದಿನ ದೋಸೆ ಹಿಟ್ಟಿನ ಹದ ಬೇಡ, ನೀರು ದೋಸೆ ಹಿಟ್ಟಿನ ಹದ ಬೇಕು. ಮೊದಲ ಕೋಟ್ ಹಚ್ಚಿದಾಗ ಪಟ್ಟೆಪಟ್ಟೆಯಾಗಿ, ಕೆಳಗಿನ ಬೂದು ಕಾಣುತ್ತಾ, ತೀರಾ ಕೆಟ್ಟದಾಗಿರುತ್ತದೆ. ಇಲ್ಲೇ ಎಲ್ಲರೂ ಹೆದರಿ ಅದರ ಮೇಲೆ ದಪ್ಪ ಬಳಿಯುವುದು. ಬಿಟ್ಟುಬಿಡಿ. ಪೂರ್ತಿ ಒಣಗಲಿ. ಎರಡನೆಯದು ಅಡ್ಡಕ್ಕೆ ಎಳೆಯಿರಿ, ಮೂರನೆಯದು ಉದ್ದಕ್ಕೆ. ಮೂರನೆಯ ಕೋಟ್ ಒಣಗುವ ಹೊತ್ತಿಗೆ ಗೆರೆಗಳು ಮಾಯ. ಒದ್ದೆ ಬಣ್ಣದ ಮೇಲೆ ಬ್ರಶ್ ಮತ್ತೆ ಆಡಿಸಿದರೆ ಮಾತ್ರ ಕೆಳಗಿನ ಪದರವೂ ಕಿತ್ತು ಬರುತ್ತದೆ.

ಬಣ್ಣ ಆರಿಸುವಾಗ ಒಂದು ಕಿವಿಮಾತು. ಬಿಳಿ, ಹಳದಿ ಬ್ರಶ್‌ನಲ್ಲಿ ತುಂಬಾ ಕಷ್ಟ, ಆರೇಳು ಕೋಟ್ ಬೇಕಾಗುತ್ತದೆ. ಮಣ್ಣಿನ ಬಣ್ಣ, ಕಡು ನೀಲಿ, ಬೂದು, ಕಂದು ಸುಲಭ. ನಾನು ಹಚ್ಚಿದ್ದು ಮರಳಿನ ಬಣ್ಣ ಮತ್ತು ಕಡು ಕಂದು, ಎಡ ಭುಜದ ಮುಳ್ಳುಗಳಿಗೆ ಮಾತ್ರ ಮಾಸಲು ಬಿಳಿ. ಮೂರೇ ಬಣ್ಣ. ಕೀಲುಗಳಿಗೆ ಹಚ್ಚಲೇ ಇಲ್ಲ. ಎರಡು ಭಾಗ ಒಂದಕ್ಕೊಂದು ಉಜ್ಜುವ ಕಡೆ ಬಣ್ಣ ನಿಲ್ಲುವುದಿಲ್ಲ, ನಾಲ್ಕು ಸಲ ಕೈಕಾಲು ಆಡಿಸಿದರೆ ಸುಲಿದು ಬರುತ್ತದೆ. ಕೀಲಿನ ಪ್ಲಾಸ್ಟಿಕ್ ಹೇಗೂ ಬೂದು, ಹಾಗೇ ಇರಲಿ. ಒತ್ತಿ ಕೂರಿಸುವ ಗೂಟ, ತೂತುಗಳನ್ನೂ ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಬಣ್ಣದ ದಪ್ಪ ಸೇರಿದರೆ ಅವು ಒಳಗೆ ಹೋಗುವುದೇ ಇಲ್ಲ.

ಇನ್ನು ಗೆರೆ ತುಂಬುವುದು. ಮೈಮೇಲಿನ ಸೀಳುಗೆರೆಗಳಿಗೆ ಕಡು ಬಣ್ಣ ತುಂಬಿದರೆ ಆಟಿಕೆ ಹೋಗಿ ಯಂತ್ರ ಆಗುತ್ತದೆ. ತಿನ್ನರ್ ಬೆರೆಸಿ ತೆಳ್ಳಗೆ ಮಾಡಿದ ಎನಾಮೆಲ್ ಬಣ್ಣವನ್ನು ಗೆರೆಗೆ ಮುಟ್ಟಿಸಿದರೆ ಸಾಕು, ತಾನೇ ಹರಿದು ತುಂಬಿಕೊಳ್ಳುತ್ತದೆ. ನೋಡಲು ಬಹಳ ಖುಷಿ. ನನ್ನ ಎರಡನೆಯ ಕಿಟ್‌ನಲ್ಲಿ ಆ ಖುಷಿಯಲ್ಲಿ ಜೋಡಿಸಿದ ಕಾಲಿಗೇ ಹಾಕಿದೆ. ದ್ರವ ಗೆರೆ ದಾಟಿ ಕೀಲಿನೊಳಗೆ ಇಳಿಯಿತು. ಮರುದಿನ ನಿಲ್ಲಿಸಲು ಹೋದಾಗ ಟಪ್ ಅಂತ ಸದ್ದು. ಪಾದದ ಕೀಲು ಎರಡು ಹೋಳು. ಬಿಗಿಯಾಗಿ ಕೂತ ಪ್ಲಾಸ್ಟಿಕ್, ಅದರಲ್ಲೂ ಎಬಿಎಸ್, ಆ ತಿನ್ನರ್ ಕುಡಿದರೆ ಬಿರುಕು ಬಿಡುತ್ತದೆ. ಅದಕ್ಕೇ ರನ್ನರ್ ಪಟ್ಟಿಯ ಅಕ್ಷರ ನೋಡಿಟ್ಟುಕೊಳ್ಳಿ ಅಂದಿದ್ದು. ನಿಮ್ಮ ಮೊದಲ ಕಿಟ್‌ಗೆ ಸಣ್ಣ ಮೊನೆಯ ಗಂಡಮ್ ಮಾರ್ಕರ್ ಪೆನ್ ಸಾಕು. ತಿಳಿ ಬಣ್ಣದ ಮೇಲೆ ಬೂದು, ಕೆಂಪು ಹಳದಿಯ ಮೇಲೆ ಕಂದು, ಕಡು ಬಣ್ಣದ ಮೇಲೆ ಕಪ್ಪು.

ನಿಮ್ಮದೇ ಜಾಕು ಅನ್ನಿಸಲು ಬರೀ ಬಣ್ಣ ಸಾಕಾ ಅಂತಲೂ ಕೇಳಿದ್ದೀರಿ. ಮೊದಲ ಸಲಕ್ಕೆ ಬಣ್ಣ ಮತ್ತು ಸವೆತ, ಅಂದರೆ ಬಳಸಿ ಸವೆದ ಯಂತ್ರದಂತೆ ಕಾಣಿಸುವುದು, ಇಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಭಾಗಗಳನ್ನು ಅದಲುಬದಲು ಮಾಡುವ ಆಸೆ ಇದ್ದರೆ ಬಂಡೈನದೇ 30 ಮಿನಿಟ್ಸ್ ಮಿಷನ್ಸ್ ಕಿಟ್‌ಗಳಿವೆ. 2019ರಿಂದ ಬರುತ್ತಿವೆ. ಮೈತುಂಬ 3 ಮಿಲಿಮೀಟರ್ ತೂತುಗಳಿರುವುದರಿಂದ ಒಂದರ ಕೈ ಇನ್ನೊಂದಕ್ಕೆ ಹಾಕುವುದು ಸುಲಭ. ಅದು ಮುಂದಿನ ಕಿಟ್‌ಗೆ ಇರಲಿ.

ಸವೆತಕ್ಕೆ ಅಡುಗೆಮನೆಯ ಸ್ಪಾಂಜ್ ಒಂದು ಚೂರು ಹರಿದು, ಕಡು ಕಂದು ಬಣ್ಣ ಮುಟ್ಟಿಸಿ, ಪೇಪರ್ ಮೇಲೆ ಒತ್ತಿ ಒತ್ತಿ ಹೆಚ್ಚಿನದ್ದು ತೆಗೆದು, ಅಂಚುಗಳಿಗೆ ಮೆಲ್ಲಗೆ ತಾಗಿಸಿ. ಎಲ್ಲಿ ತಾಗಿಸಬೇಕು ಅನ್ನುವುದಕ್ಕೆ ನಾನು ಒಂದು ಜೆಸಿಬಿ ನೋಡುತ್ತಾ ನಿಂತಿದ್ದೆ. ಹತ್ತುವ ಮೆಟ್ಟಿಲು, ಹಿಡಿಯುವ ಕಂಬಿ, ಬಕೆಟ್ಟಿನ ಹಲ್ಲು, ಅಲ್ಲೆಲ್ಲ ಹಳದಿ ಪೂರ್ತಿ ಹೋಗಿತ್ತು. ಮೇಲಿನ ಮಾಡು ಮಾತ್ರ ಹೊಸದರಂತೆ. ಜಾಕುವಿಗೂ ಹಾಗೇ ಮಾಡಿದೆ. ಪಾದದ ತುದಿ, ಮೊಣಕೈ, ಬಲ ಭುಜದ ಗುರಾಣಿಯ ಅಂಚಿಗೆ ಜಾಸ್ತಿ, ತಲೆಗೆ ಏನೂ ಇಲ್ಲ. ಕೊನೆಗೆ ಡ್ರೈ ಪೇಸ್ಟಲ್ ಕಡ್ಡಿ ಉಜ್ಜಿ ಕೆಂಪು ಪುಡಿ ಮಾಡಿ ಕಾಲಿಗೆ ಒರೆಸಿದೆ. ನಮ್ಮ ಕಡೆ ಮುರಕಲ್ಲಿನ ಧೂಳು ಚಪ್ಪಲಿಗೆ ಹತ್ತುತ್ತದಲ್ಲ, ಅದೇ ಬಣ್ಣ.

ಎಲ್ಲದರ ಮೇಲೆ ಮ್ಯಾಟ್ ಟಾಪ್‌ಕೋಟ್ ಸ್ಪ್ರೇ. ಪ್ಲಾಸ್ಟಿಕ್ಕಿನ ಹೊಳಪು ಹೋಗಿ, ಬ್ರಶ್ಶಿನ ಉಳಿದ ಗೆರೆಯೂ ಅಡಗುತ್ತದೆ. ಒಂದೇ ಎಚ್ಚರಿಕೆ, ಮಳೆಗಾಲದಲ್ಲಿ ಬೇಡ. ನಾನೊಮ್ಮೆ ಜುಲೈನಲ್ಲಿ, ಎರಡು ದಿನ ಬಿಸಿಲು ಕಂಡಿತು ಅಂತ ಹೊಡೆದೆ. ಹತ್ತು ನಿಮಿಷದಲ್ಲಿ ಎದೆಯ ಭಾಗವೆಲ್ಲ ಮಂಜು ಮುಸುಕಿದ ಕನ್ನಡಕದ ಹಾಗೆ ಬೆಳ್ಳಗಾಯ್ತು. ಸ್ಪ್ರೇ ಒಣಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಒಣ ಹವೆಯ ದಿನ ತೆಳ್ಳಗೆ ಹೊಳಪಿನ (ಗ್ಲಾಸಿ) ಕೋಟ್ ಹೊಡೆದರೆ ಬಹಳ ಸಲ ಸರಿಹೋಗುತ್ತದೆ, ನನ್ನದೂ ಹೋಯ್ತು. ಆಮೇಲಿಂದ ಮಳೆಗಾಲದಲ್ಲಿ ಕತ್ತರಿಸುವುದು, ಉಜ್ಜುವುದು, ಬ್ರಶ್ ಕೆಲಸ ಮಾತ್ರ. ಸ್ಪ್ರೇ ಏನಿದ್ದರೂ ನವರಾತ್ರಿ ಕಳೆದ ಮೇಲೆ.

ಕೊನೆಯದಾಗಿ ಹಾಳಾಗುವ ಭಯ. ನೀರಿನ ಅಕ್ರಿಲಿಕ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಬಿಟ್ಟು ಬರುತ್ತದೆ, ಪಿಎಸ್ ಪ್ಲಾಸ್ಟಿಕ್‌ಗೆ ಏನೂ ಆಗುವುದಿಲ್ಲ. ಮೊದಲು ರನ್ನರ್ ಮೇಲೆ ನೋಡಿಕೊಳ್ಳಿ, ಅಷ್ಟೇ. ನನ್ನ ಜಾಕುವಿನ ಎಡ ಭುಜಕ್ಕೆ ಮೂರು ಸಲ ಬಣ್ಣ ಹಚ್ಚಿ, ಎರಡು ಸಲ ತೆಗೆದಿದ್ದೇನೆ. ಈಗ ಮೇಜಿನ ಮೇಲೆ ನನ್ನೆದುರೇ ಇದೆ, ನಾನು ಹೇಳದೆ ಯಾರಿಗೂ ಅದು ಗೊತ್ತಾಗಿಲ್ಲ.