ಟಿಪ್ಪರ್ ಎಂಜಿನ್ನಿನ ಟಾರ್ಕ್ ಏರಿಸಿ ಸೆರಾಮಿಕ್ ಕ್ಲಚ್ ಹಾಕಿಸಿದರೆ ಹಿಂದಿನ ಹೌಸಿಂಗ್ (ಆಕ್ಸಲ್ಲಿನ ಗೇರ್ ಪೆಟ್ಟಿಗೆ) ತಡೆಯುತ್ತದೆಯೇ?

ನೀವು ಕೊಟ್ಟ ವಿವರ: 10 ಚಕ್ರದ ಟಿಪ್ಪರ್, ಲೋಡ್ ಸೇರಿ 28.5 ಟನ್, 6 ಸಿಲಿಂಡರ್, 950 ನ್ಯೂಟನ್ ಮೀಟರ್ ಟಾರ್ಕ್, 395 ಮಿ.ಮೀ. ಕ್ಲಚ್. ಘಾಟಿಯಲ್ಲಿ ಎಳೆತ ಸಾಲುತ್ತಿಲ್ಲ. ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್, ಅಂದರೆ ಅದರೊಳಗಿನ ಇಂಧನದ ಲೆಕ್ಕ, ಬದಲಿಸಿ ಶೇ 20ರಷ್ಟು ಟಾರ್ಕ್ ಏರಿಸಿ, ಕ್ಲಚ್ ಜಾರದಿರಲೆಂದು ಸೆರಾಮಿಕ್ ಪ್ಲೇಟ್ ಹಾಕಿಸುವ ಯೋಚನೆ. ಎರಡೂ ಬೇಡ. ಅದರಲ್ಲೂ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಕೆಡಿಸುತ್ತದೆ.

ಮೊದಲು ಕ್ಲಚ್ ಲೆಕ್ಕ. ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಎಂಬುದು ನಾಲ್ಕು ಸಂಖ್ಯೆಗಳ ಗುಣಾಕಾರ: ಲೈನಿಂಗಿನ (ಪ್ಲೇಟಿನ ಮೇಲಿನ ಹಿಡಿತದ ಪದರ) ಘರ್ಷಣೆ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ (ಎಂಜಿನ್ನಿನ ಹಿಂದಿನ ಭಾರದ ಚಕ್ರ) ಅದುಮುವ ಪ್ರೆಶರ್ ಪ್ಲೇಟಿನ ಒತ್ತಡ, ಲೈನಿಂಗಿನ ಸರಾಸರಿ ತ್ರಿಜ್ಯ, ಮತ್ತು ಪ್ಲೇಟಿಗೆ ಎರಡು ಮುಖ ಇರುವುದರಿಂದ 2. ಮಾಮೂಲಿ ಆರ್ಗ್ಯಾನಿಕ್ ಲೈನಿಂಗಿಗೆ ಘರ್ಷಣೆ 0.27, ತ್ರಿಜ್ಯ 0.156 ಮೀಟರ್, ಒತ್ತಡ 15,000 ನ್ಯೂಟನ್ ಎಂದಿಟ್ಟುಕೊಂಡರೆ ಸುಮಾರು 1,260 ನ್ಯೂಟನ್ ಮೀಟರ್ ಬರುತ್ತದೆ. ಅದೇ ಪ್ಲೇಟ್ ಕಾದು ಘರ್ಷಣೆ 0.22ಕ್ಕೆ ಇಳಿದರೆ 1,030. ನಿಮ್ಮ ಎಂಜಿನ್ ಕೊಡುವುದು 950, ಹಾಗಾಗಿ ಕಾದ ಮೇಲೂ ಹಿಡಿಯುತ್ತದೆ. ಶೇ 20 ಏರಿಸಿದರೆ ಎಂಜಿನ್ ಕೊಡುವುದು 1,140. ತಣ್ಣಗಿದ್ದಾಗ ಹಿಡಿದ ಕ್ಲಚ್ ಘಾಟಿಯ ನಡುವೆ ಜಾರುತ್ತದೆ, ಜಾರಿದ್ದಕ್ಕೆ ಇನ್ನಷ್ಟು ಕಾಯುತ್ತದೆ, ಕಾದಿದ್ದಕ್ಕೆ ಇನ್ನಷ್ಟು ಜಾರುತ್ತದೆ. ಮ್ಯಾಪ್ ಮಾಡಿಸಿದ ಗಾಡಿ ಖಾಲಿ ಓಡಿಸಿ ನೋಡಿದಾಗ ಚೆನ್ನಾಗಿಯೇ ಇದ್ದು, ಲೋಡ್ ಹಾಕಿದ ದಿನ ವಾಸನೆ ಬರುವುದು ಇದೇ ಕಾರಣಕ್ಕೆ.

"ಹಾಗಾದರೆ ಸೆರಾಮಿಕ್ ಹಾಕಿದರಾಯಿತಲ್ಲ" ಎನ್ನುತ್ತೀರಿ. ಇಲ್ಲೇ ಇರುವುದು ಎಡವಟ್ಟು. ಓಡುವಾಗ ಹಿಂದಿನ ಭಾಗಗಳ ಮೇಲೆ ಬೀಳುವುದು ಎಂಜಿನ್ನಿನ ಟಾರ್ಕ್, ನಿಜ. ಆದರೆ ರೇಸ್ ಕೊಟ್ಟು ಕ್ಲಚ್ಚನ್ನು ಪಟ್ಟನೆ ಬಿಟ್ಟಾಗ ತಿರುಗುತ್ತಿರುವ ಫ್ಲೈವೀಲಿನ ಶಕ್ತಿಯೂ ಸೇರಿಕೊಳ್ಳುತ್ತದೆ. ಆಗ ಹಿಂದಕ್ಕೆ ಹೋಗುವ ಹೊಡೆತಕ್ಕೆ ಮಿತಿ ಹಾಕುವುದು ಎಂಜಿನ್ ಅಲ್ಲ, ಕ್ಲಚ್ ಜಾರುವ ಮಟ್ಟ. ಮೊದಲ ಗೇರಿನ ಅನುಪಾತ 9, ಹೌಸಿಂಗಿನದು 5.857 ಎಂದರೆ ಒಟ್ಟು 52.7 ಪಟ್ಟು. ಆರ್ಗ್ಯಾನಿಕ್ ಕ್ಲಚ್ ಬಿಡುವ 1,260, ಆಕ್ಸಲ್ ಹತ್ತಿರ ಬರುವಾಗ ಸುಮಾರು 66,000 ನ್ಯೂಟನ್ ಮೀಟರ್. ಸೆರಾಮಿಕ್ ಬಟನ್ನಿಗೆ ಘರ್ಷಣೆ 0.4 ಹಿಡಿದರೆ ಕ್ಲಚ್ಚಿನ ಮಿತಿ 1,870, ಆಕ್ಸಲ್‌ನಲ್ಲಿ ಸುಮಾರು 98,500.

ಇದಕ್ಕೆ ಟಯರನ್ನು ಹೋಲಿಸಿ. ಹಿಂದಿನ ಜೋಡಿ ಆಕ್ಸಲ್ ಮೇಲೆ 21 ಟನ್ ಭಾರ, ಒಣ ನೆಲದ ಘರ್ಷಣೆ 0.7, ಟಯರಿನ ತ್ರಿಜ್ಯ ಅರ್ಧ ಮೀಟರ್ ಎಂದರೆ ಸುಮಾರು 72,000ಕ್ಕೆ ಟಯರ್ ಜಾರುತ್ತದೆ. ಈಗಿನ ಕ್ಲಚ್ ಟಯರಿಗಿಂತ ಮೊದಲೇ ಜಾರಿ ಹೌಸಿಂಗನ್ನು ಉಳಿಸುತ್ತಿದೆ. ಸೆರಾಮಿಕ್ ಹಾಕಿದರೆ ಆ ಫ್ಯೂಸೇ ಹೋಯಿತು. ಕ್ವಾರಿಯ ಗುಂಡಿಯಲ್ಲಿ ಚಕ್ರ ಕಲ್ಲಿಗೆ ಕಚ್ಚಿಕೊಂಡಿದ್ದರಂತೂ ಟಯರ್ ಕೂಡ ಜಾರುವುದಿಲ್ಲ, ಪೂರ್ತಿ ಹೊಡೆತ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಶಾಫ್ಟ್) ಕ್ರಾಸ್ ಎಂಬ ಕೀಲು, ಪಿನಿಯನ್ (ಹೌಸಿಂಗಿನೊಳಗಿನ ಸಣ್ಣ ಗೇರ್) ಹಲ್ಲು, ಆಕ್ಸಲ್ ಶಾಫ್ಟ್ ಈ ಮೂರರಲ್ಲಿ ಯಾವುದು ಸೋತಿದೆಯೋ ಅದರ ಪಾಲು. ಕ್ಲಚ್ ಪ್ಲೇಟ್ ಸುಟ್ಟರೆ ಒಂದು ದಿನದ ಕೆಲಸ. ಕ್ರೌನ್ ಪಿನಿಯನ್ (ಹೌಸಿಂಗಿನ ದೊಡ್ಡ-ಸಣ್ಣ ಗೇರ್ ಜೋಡಿ) ಹೋದರೆ ಖರ್ಚು ಎಷ್ಟೆಂದು ನಿಮಗೇ ಗೊತ್ತು.

ಇನ್ನು ಘಾಟಿಯ ವಿಚಾರ. ಏರು ಹತ್ತಿಸುವುದು ಟಾರ್ಕ್ ಒಂದೇ ಅಲ್ಲ, ಪವರ್. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್. 1,200 ಆರ್‌ಪಿಎಂನಲ್ಲಿ 950 ಟಾರ್ಕ್ ಎಂದರೆ 119 ಕಿಲೋವ್ಯಾಟ್. ಅದೇ ಎಂಜಿನ್ 1,800ರಲ್ಲಿ 800 ಟಾರ್ಕ್ ಕೊಟ್ಟರೂ 151 ಕಿಲೋವ್ಯಾಟ್. ಅಂದರೆ ಒಂದು ಗೇರ್ ಇಳಿಸಿದರೆ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಪವರ್, ಅದೂ ಕ್ಲಚ್ ಮೇಲೆ ಕಡಿಮೆ ಟಾರ್ಕ್ ಬಿದ್ದು. ಶಿರಾಡಿಯಂಥ ಏರಿನಲ್ಲಿ ಮೇಲಿನ ಗೇರಿನಲ್ಲೇ 1,000–1,100ಕ್ಕೆ ಇಳಿಯುವವರೆಗೆ ಎಳೆಸುವ ಅಭ್ಯಾಸ ಬಹಳ ಡ್ರೈವರ್‌ಗಳಿಗಿದೆ. ಆ ವೇಗದಲ್ಲಿ ಎಂಜಿನ್ ಒಂದೊಂದು ಸುತ್ತಿಗೆ ಕೊಡುವ ಮೂರು ಹೊಡೆತಗಳು ಬಿಡಿಬಿಡಿಯಾಗಿ ಗೇರ್‌ಬಾಕ್ಸಿಗೆ ಬಡಿಯುತ್ತವೆ. ಕ್ಲಚ್ ಪ್ಲೇಟಿನ ನಡುವಿನ ಸ್ಪ್ರಿಂಗ್ ಸಡಿಲವಾಗಿ ಗಡಗಡ ಸದ್ದು ಶುರುವಾಗುವುದು ಹೀಗೆ.

ಗಾಡಿ ಯಾವಾಗಲೂ ಘಾಟಿ, ಕ್ವಾರಿಯಲ್ಲೇ ದುಡಿಯುವುದಾದರೆ ಹೌಸಿಂಗ್ ಅನುಪಾತ ಬದಲಿಸುವುದು ನ್ಯಾಯವಾದ ದಾರಿ. ಕ್ರೌನಿಗೆ 41, ಪಿನಿಯನ್ನಿಗೆ 7 ಹಲ್ಲಿನ (41/7) 5.857 ಜಾಗಕ್ಕೆ, ನಿಮ್ಮ ಆಕ್ಸಲ್ಲಿಗೆ ಕಂಪನಿಯೇ ಒಪ್ಪಿದ್ದರೆ, 41/6ರ 6.833 ಹಾಕಿಸಿ. ಚಕ್ರದಲ್ಲಿ ಶೇ 16–17 ಹೆಚ್ಚು ಎಳೆತ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿಗೆ ಒಂದು ನ್ಯೂಟನ್ ಮೀಟರ್ ಕೂಡ ಹೆಚ್ಚಿಗೆ ಬೀಳುವುದಿಲ್ಲ. ಇದರಲ್ಲೂ ನಷ್ಟವಿದೆ: ಟಾಪ್ ಗೇರ್ ವೇಗ ಶೇ 14 ಇಳಿಯುತ್ತದೆ, 6 ಹಲ್ಲಿನ ಪಿನಿಯನ್ 7ರದ್ದಕ್ಕಿಂತ ಸಣ್ಣದು, ಆಕ್ಸಲ್ ಶಾಫ್ಟಿಗೆ ಭಾರ ಹೆಚ್ಚು. ಹೆದ್ದಾರಿ ಓಟವೇ ಜಾಸ್ತಿ ಇದ್ದರೆ ಹಾಕಿಸಬೇಡಿ. ಅನುಪಾತ ಬದಲಿಸಿದ ಮೇಲೆ ಸ್ಪೀಡೋಮೀಟರ್ ಸೆಟ್ಟಿಂಗ್ ಕೂಡ ಬದಲಿಸಬೇಕು.

ಮ್ಯಾಪಿಂಗ್ ಬಗ್ಗೆ ಒಂದೇ ಮಾತು. ಬಿಎಸ್6 (ಈಗಿನ ಹೊಗೆ ಮಾನದಂಡದ) ಗಾಡಿಯಾದರೆ ಹೊಗೆ ಶುದ್ಧೀಕರಣದ ವ್ಯವಸ್ಥೆ ಇಂಧನದ ಲೆಕ್ಕಕ್ಕೆ ಹೊಂದಿಕೊಂಡಿದೆ, ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಅಡ್ಡ ಬರುತ್ತದೆ, ವಾರಂಟಿಯೂ ಹೋಗುತ್ತದೆ.

ಕ್ಲಚ್ ಈಗಾಗಲೇ ಜಾರುತ್ತಿದೆಯೇ ಎಂದು ಮೊದಲು ನೋಡಿ. ಲೋಡ್ ಇರುವಾಗ ಸಣ್ಣ ಏರಿನಲ್ಲಿ, ಮೇಲಿನ ಗೇರಿನಲ್ಲಿ 1,300 ಆರ್‌ಪಿಎಂಗೆ ಬಂದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಹೋದರೆ ಜಾರುತ್ತಿದೆ. ಇದನ್ನು ಮತ್ತೆ ಮತ್ತೆ ಮಾಡಬೇಡಿ, ಪ್ರತಿ ಸಲವೂ ಲೈನಿಂಗ್ ಸುಡುತ್ತದೆ. ಜಾರುತ್ತಿದ್ದರೆ ಪ್ಲೇಟ್ ತರುವ ಮುನ್ನ ಪೆಡಲ್ ಪೂರ್ತಿ ಮೇಲೆ ಬರುತ್ತದೆಯೇ, ಬಿಟ್ಟ ಮೇಲೂ ಕ್ಲಚ್ ಬೂಸ್ಟರ್ (ಕ್ಲಚ್ ಒತ್ತಲು ಗಾಳಿಯ ಬಲದಿಂದ ನೆರವಾಗುವ ಭಾಗ) ರಾಡ್ ಒತ್ತಿಕೊಂಡೇ ಇದೆಯೇ ಎಂದು ನೋಡಿ. ಗೇರ್‌ಬಾಕ್ಸ್ ಇಳಿಸಿದಾಗ ಕ್ರ್ಯಾಂಕಿನ ಹಿಂಭಾಗದ ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನು ಬದಲಿಸಿ, ಎಣ್ಣೆ ತಗಲಿದ ಪ್ಲೇಟ್ ಯಾವ ಕಂಪನಿಯದ್ದಾದರೂ ಹಿಡಿಯದು. ಫ್ಲೈವೀಲ್ ಮುಖದಲ್ಲಿ ನೀಲಿ ಕಲೆ, ಉಗುರಿಗೆ ಸಿಗುವ ಬಿರುಕು ಇದ್ದರೆ ಮ್ಯಾನ್ಯುಯಲ್ ಮಿತಿಯೊಳಗೆ ಫೇಸಿಂಗ್ (ಮುಖ ತುರಿದು ಸಮ ಮಾಡುವುದು) ಮಾಡಿಸಿ, ಮಿತಿ ದಾಟಿದರೆ ಹೊಸದು. ರಿಲೀಸ್ ಬೇರಿಂಗ್ ಮತ್ತು ಪೈಲಟ್ ಬೇರಿಂಗ್ ಆಗಲೇ ಹಾಕಿಸಿಬಿಡಿ, ಇವೆರಡಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವುದು ದಂಡ.

ಲೋಡ್ ಗಾಡಿಯನ್ನು ಮೊದಲ ಗೇರಿನಲ್ಲೇ ಎಬ್ಬಿಸಿ. ಎದ್ದೇಳುವಾಗ ಕ್ಲಚ್‌ನಲ್ಲಿ ಹುಟ್ಟುವ ಬಿಸಿ ಆ ಗೇರಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊದಲನೆಯದು 9, ಎರಡನೆಯದು 5 ಇರುವ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರಿನಲ್ಲಿ ಎಬ್ಬಿಸಿದರೆ ಸಮತಟ್ಟಿನಲ್ಲೇ ಮೂರು ಪಟ್ಟಿಗಿಂತ ಹೆಚ್ಚು ಬಿಸಿ. ಏರಿನಲ್ಲಿ ಇನ್ನೂ ಹೆಚ್ಚು.