ಜ್ವರದ ಜೊತೆ ಕತ್ತು ಬಿಗಿಯಾಗಿದ್ದರೆ ಬೆಳಗಿನವರೆಗೆ ಕಾಯಬೇಡಿ

ಮಗನಿಗೆ ಎರಡು ದಿನದ ಜ್ವರ, ತಲೆನೋವು, ವಾಂತಿ, ಈಗ ಕತ್ತು ಬಗ್ಗಿಸಲು ಆಗುತ್ತಿಲ್ಲ ಅಂದಿದ್ದೀರಿ. ಇದು ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು ಇರಬಹುದು. ಬರೀ ವೈರಲ್ ಜ್ವರವೂ ಆಗಿರಬಹುದು, ಆದರೆ ಮನೆಯಲ್ಲಿ ಕೂತು ಅದನ್ನು ಹೇಳಲು ಆಗುವುದಿಲ್ಲ.

ಈಗಲೇ 108ಕ್ಕೆ ಫೋನ್ ಮಾಡಿ. ನಿಮ್ಮ ಮುಳಬಾಗಿಲಿನಿಂದ ಕೋಲಾರದ ಜಿಲ್ಲಾ ಆಸ್ಪತ್ರೆಗೆ ಹೈವೇಯಲ್ಲಿ ನೇರ ದಾರಿ ಅಲ್ವಾ. ಗಾಡಿ ಬರುವಷ್ಟರಲ್ಲಿ ನೋಡಿ: ಬೆಳಕು ಕಂಡರೆ ಕಣ್ಣು ಮುಚ್ಚುತ್ತಾನಾ, ಮಂಕಾಗಿದ್ದಾನಾ, ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಇದೆಯಾ. ಗಾಜಿನ ಲೋಟ ಒತ್ತಿದರೂ ಚುಕ್ಕೆ ಮಾಯವಾಗದಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಮಗನ ಮೈಬಣ್ಣವೇ ಕಪ್ಪಾಗಿದ್ದರೆ ಚುಕ್ಕೆ ಸುಲಭಕ್ಕೆ ಕಾಣುವುದಿಲ್ಲ, ಅಂಗೈ, ಅಂಗಾಲು ನೋಡಿ. ಚುಕ್ಕೆ ಇಲ್ಲ ಅಂತ ಸಮಾಧಾನ ಬೇಡ, ಎಷ್ಟೋ ಮಕ್ಕಳಿಗೆ ಅದು ಬರುವುದೇ ಇಲ್ಲ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಸುಮ್ನೆ ಕೊಡಬೇಡಿ. ಮಂಪರಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆಗೆ ಬೆನ್ನಿಂದ ನೀರು ತೆಗೆಯಬೇಕು ಅಂದರೆ ಹೆದರಬೇಡಿ. ನಮ್ಮ ಅಣ್ಣನ ಮಗಳಿಗೆ ಹೇಳಿದಾಗ ಕಾಲು ಬಿದ್ದುಹೋಗುತ್ತೆ ಅಂತ ನಾವೇ ಒಂದು ಗಂಟೆ ಹಾಳು ಮಾಡಿದೆವು. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿಯುವ ಕಡೆಯಿಂದ ಕೆಳಗಿನ ಜಾಗಕ್ಕೆ. ಆ ನೀರು ನೋಡಿಯೇ ಬ್ಯಾಕ್ಟೀರಿಯಾನಾ, ವೈರಸ್ಸಾ ಅಂತ ತಿಳಿಯುವುದು.

ಕೊಟ್ಟ ಮಾತ್ರೆಗಳ ಚೀಟಿ, ಲಸಿಕೆ ಕಾರ್ಡ್ ಕೈಯಲ್ಲಿರಲಿ.